ಕೀರ್ತನೆ ಮುಗಿಯುವುದರೊಳಗೆ

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಬೆಳಿಗ್ಗೆ ಮಾರ್ಸಲಿಗೆ ಎಚ್ಚರವಾದದ್ದು ಅಡುಗೆಮನೆಯಲ್ಲಿ ಅತ್ತೆ ದೊಡ್ಡ ಹಂಡೆಯನ್ನು ದರದರ ಎಳೆಯುವ ಸದ್ದಿಗೆ. ಗಂಡ ಫಿನ್ಲೇ ಸತ್ತಂದಿನಿಂದ ಆ ಮನೆಯಲ್ಲಿ ಯಾರೂ ಅಷ್ಟು ಸದ್ದು ಮಾಡಿರಲಿಲ್ಲ. ಎದ್ದು ಹೋಗಿ ನೋಡಿದರೆ ಗೊರ್ಮೆಲಿಯಾ ಅಂಗಿಯ ತೋಳು ಮಡಚಿಕೊಂಡು, ತಲೆಯನ್ನು ಹಂಡೆಯೊಳಗೇ ಇಟ್ಟು ತಿಕ್ಕುತ್ತಿದ್ದಳು.

"ಏನತ್ತೆ ಇದು?"

"ಕಣ್ಣಿಲ್ವಾ? ಹಂಡೆ."

"ಹಂಡೆ ಅಂತ ಗೊತ್ತು. ಇವತ್ತು ಯಾಕೆ?"

ಗೊರ್ಮೆಲಿಯಾ ತಲೆ ಹೊರಗೆ ತೆಗೆದಳು. ಮೂಗಿನ ಮೇಲೆ ಮಸಿ ಹತ್ತಿತ್ತು. "ಇವತ್ತು ಗುರುವಾರ. ಸಂಜೆಯಿಂದ ಜನ ಬರ್ತಾರೆ. ನಮ್ಮನೇಲಿ ಸಾವಾಯ್ತು ಅಂತ ಪ್ರಭುಭೋಜನ ಮುಂದಕ್ಕೆ ಹಾಕ್ತಾರಾ? ಉಪ್ಪಿನಲ್ಲಿಟ್ಟ ಕುರಿಮಾಂಸ ತೆಗೆದು ನೀರಿಗೆ ಹಾಕು. ಆಮೇಲೆ ಈರುಳ್ಳಿ ಹೆಚ್ಚು. ಅಳೋದಿದ್ರೆ ಅಳ್ತಾ ಹೆಚ್ಚು, ಎರಡೂ ಕೆಲಸ ಒಟ್ಟಿಗೇ ಆಗತ್ತೆ."

ಮಾರ್ಸಲಿ ಈರುಳ್ಳಿ ಹೆಚ್ಚಿದಳು. ಕಣ್ಣಲ್ಲಿ ನೀರು ಬಂತು. ಅದು ಈರುಳ್ಳಿಯ ನೀರೇ. ಗಂಡನ ಶವಪೆಟ್ಟಿಗೆಯನ್ನು ಊರ ಗಂಡಸರು ಹೆಗಲ ಮೇಲೆ ಹೊತ್ತು ರಸ್ತೆಯ ತಿರುವಿನಲ್ಲಿ ಮರೆಯಾದಾಗಲೂ, ಉಳಿದ ಹೆಂಗಸರ ಜೊತೆ ಬಾಗಿಲಲ್ಲಿ ನಿಂತಿದ್ದ ಅವಳಿಗೆ ಅಳು ಬಂದಿರಲಿಲ್ಲ. ಕೈಕಾಲು ಆಡುತ್ತಿದ್ದವು, ಮಾತು ಕೇಳಿಸುತ್ತಿತ್ತು; ಒಳಗೆ ಮಾತ್ರ ಏನೂ ಇರಲಿಲ್ಲ.

ಕ್ರಿಸ್ತನ ನೆನಪಿಗೆ ಚರ್ಚಿನ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನವೆಂದರೆ ಲೂಯಿಸ್ ದ್ವೀಪದಲ್ಲಿ ಒಂದು ಭಾನುವಾರದ ಮಾತಲ್ಲ. ವರ್ಷಕ್ಕೆ ಎರಡು ಸಲ, ಗುರುವಾರದಿಂದ ಸೋಮವಾರದವರೆಗೆ, ಆಚೆಯೂರು ಈಚೆಯೂರಿನವರೆಲ್ಲ ಬಂದು ತುಂಬಿಕೊಳ್ಳುತ್ತಾರೆ. ಬೇರೆ ಮನೆಯವರು ತಮ್ಮಲ್ಲಿ ಹಾಸಿಗೆ ಎಷ್ಟಿದೆ ನೋಡಿಕೊಂಡು ಜನರನ್ನು ಕರೆದರೆ, ಗೊರ್ಮೆಲಿಯಾ ಜನರನ್ನು ಕರೆದು ಆಮೇಲೆ ಹಾಸಿಗೆ ಹುಡುಕುವವಳು. ಅಟ್ಟದ ಮೇಲೆ, ಮಗ್ಗದ ಕೊಟ್ಟಿಗೆಯಲ್ಲಿ, ಒಂದು ವರ್ಷ ಅಡುಗೆಮನೆಯ ಮೇಜಿನ ಮೇಲೂ ಮಲಗಿಸಿದ್ದಳು.

ಅದೇ ಗೊರ್ಮೆಲಿಯಾ ಕ್ರಿಸ್ತನ ಪ್ರಾಯಶ್ಚಿತ್ತದ ವಿಷಯಕ್ಕೆ ಬಂದರೆ ಬಾಗಿಲಿಗೆ ಅಗುಳಿ ಹಾಕಿಬಿಡುವಳು. ಅವನು ಸತ್ತದ್ದು ಲೋಕದ ಎಲ್ಲರಿಗಾಗಿ ಅಲ್ಲ, ಲೋಕ ಹುಟ್ಟುವ ಮುಂಚೆಯೇ ತಂದೆಯಾದ ದೇವರು ಆರಿಸಿಟ್ಟವರಿಗಾಗಿ ಮಾತ್ರ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆಯಿಲ್ಲ. ಇದನ್ನು ಹೇಳುತ್ತಲೇ ಹಂಡೆಗೆ ಇನ್ನೆರಡು ಹಿಡಿ ಜವೆಗೋಧಿ ಸುರಿಯುವಳು, ಯಾರಾದರೂ ಬಂದಾರೆಂದು.

ಸಂಜೆಗೆ ಮೊದಲು ಬಂದವಳು ಬೆಲ್ಲಾಗ್, ಗೊರ್ಮೆಲಿಯಾಳ ಚಿಕ್ಕಪ್ಪನ ಮಗಳು. ದ್ವೀಪದ ಉತ್ತರ ತುದಿಯವಳು. ಹರೆಯದಲ್ಲಿ ಇಂಗ್ಲೆಂಡಿನ ಬಂದರುಗಳಲ್ಲಿ ಮೀನು ಸೀಳುವ ಕೆಲಸ ಮಾಡಿ, ಬೆರಳಲ್ಲಿ ಚೂರಿಯ ಗೀರುಗಳನ್ನೂ ತಲೆಯಲ್ಲಿ ಅಲ್ಲಿಯ ಉಪದೇಶಗಳನ್ನೂ ತಂದವಳು. ಬಾಗಿಲಲ್ಲೇ ಮಾರ್ಸಲಿಯನ್ನು ಅಪ್ಪಿ ಹಿಡಿದು ಬಿಟ್ಟಳು. ಆಮೇಲೆ ಹಂಡೆಯೊಳಗೆ ಇಣುಕಿದಳು.

"ಅಕ್ಕಾ, ಇದು ಆರಿಸಿದ ಕೆಲವರಿಗೆ ಮಾಡಿದ ಸಾರಿನ ಹಾಗೆ ಕಾಣ್ಸಲ್ವಲ್ಲ."

"ಬಂದ ಕಾಲಲ್ಲೇ ಶುರು ಮಾಡಿದ್ಯಾ? ಬೂಟ್ಸಾದ್ರೂ ಬಿಚ್ಚು."

"ಯಾರ್ಮತ್‌ನಲ್ಲಿ ನಾವು ಮೀನು ಸೀಳ್ತಿದ್ದಾಗ ಒಬ್ಬ ಪಾದ್ರಿ ಕಟ್ಟೆ ಮೇಲೆ ನಿಂತು ಕೂಗ್ತಿದ್ದ. ಕ್ರಿಸ್ತ ಎಲ್ಲರಿಗಾಗಿ ಸತ್ತ ಅಂತ. ಎಲ್ಲರಿಗೂ ಅಂದ್ರೆ ಎಲ್ಲರಿಗೂ. ಮೀನು ಸೀಳೋರಿಗೂ."

"ಅದಕ್ಕೇ ಆ ವಾಸನೆ ನಿನ್ನ ಬಿಟ್ಟು ಇನ್ನೂ ಹೋಗಿಲ್ಲ." ಗೊರ್ಮೆಲಿಯಾ ಸೌಟು ಎತ್ತಿದಳು. "ಎಲ್ಲರಿಗೂ ಸತ್ತಿದ್ರೆ ಎಲ್ಲರೂ ಉಳೀಬೇಕಿತ್ತು. ನರಕ ಖಾಲಿ ಬಿದ್ದಿರಬೇಕಿತ್ತು. ಬಿದ್ದಿದೆಯಾ?"

"ನಾನಿನ್ನೂ ಹೋಗಿ ನೋಡಿಲ್ಲಮ್ಮ."

"ಹಾಗಾದ್ರೆ ಕೆಲವರ ಪಾಲಿಗೆ ಅವನು ಸುಮ್ಮನೆ ಸತ್ತನಾ? ಅಷ್ಟು ರಕ್ತ ಪೋಲಾಯ್ತಾ?"

"ನಿನ್ನ ಸಾರು ಪೋಲಾಗತ್ತಾ? ಹತ್ತು ಜನ ಅಂತ ಹೇಳಿ ಊರಿಗೆಲ್ಲ ಮಾಡ್ತೀಯಲ್ಲ."

"ಸಾರಿನ ಮಾತು ಬೇರೆ. ಸಾರು ನಾಳೆಗೂ ಆಗತ್ತೆ."

ಮಾರ್ಸಲಿ ಬಟ್ಟಲು ಒರೆಸುತ್ತ ಕೇಳುತ್ತಿದ್ದಳು. ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ಇದೇ ವಾದವನ್ನು ಚಳಿ ಹಿಡಿದ ದೊಡ್ಡ ಕೋಣೆಗಳಲ್ಲಿ ಕೇಳಿದ್ದಳು. ಅಲ್ಲಿ ಯಾರ ಕೈಯಲ್ಲೂ ಸೌಟಿರಲಿಲ್ಲ.

ಫಿನ್ಲೇ ಇದ್ದಿದ್ದರೆ ಮಗ್ಗ ಬಿಟ್ಟು ಬಂದು ಬಾಗಿಲಿಗೊರಗಿ ಇಬ್ಬರಿಗೂ ಕಡ್ಡಿ ಗೀರುತ್ತಿದ್ದ. ಅವನಿಗೆ ನಗುವುದಕ್ಕೆ ಕಾರಣವೇ ಬೇಕಿರಲಿಲ್ಲ. ಚರ್ಚಿನಲ್ಲಿ ಪ್ರಭುಭೋಜನದ ಮೇಜಿಗೆ ಒಮ್ಮೆಯೂ ಹೋದವನಲ್ಲ. "ನಾನು ಅಲ್ಲಿ ಕೂತು ಪಕ್ಕದ್ಮನೆ ಇವಾಂಡರ್ ಮಾವನ ಮುಖ ನೋಡಿದ್ರೆ ನಗು ಬಂದ್ಬಿಡತ್ತೆ" ಎನ್ನುತ್ತಿದ್ದ. ಹೋಗದವನು ಅವನೊಬ್ಬನೇ ಏನಲ್ಲ. ಚರ್ಚು ಕಿಕ್ಕಿರಿದು ತುಂಬಿದರೂ ಮೇಜಿಗೆ ಹೋಗುವವರು ಬೆರಳೆಣಿಕೆ. ಉಳಿದವರು ತಮಗೆ ಯೋಗ್ಯತೆಯಿಲ್ಲವೆಂದು ಹಿಂದೆ ಕುಳಿತು, ಹಾಗೇ ಮುದುಕರಾಗಿ, ಹಾಗೇ ಸಾಯುತ್ತಿದ್ದರು. ಆದರೆ ಅವರ್ಯಾರೂ ಮೂವತ್ತೆರಡನೆಯ ವಯಸ್ಸಿನಲ್ಲಿ, ಶೀತ ಎದೆಗಿಳಿದು, ವಾರದೊಳಗೆ ಸತ್ತಿರಲಿಲ್ಲ.

ಶುಕ್ರವಾರ ಪ್ರಶ್ನೆಯ ದಿನ. ಅಂದು ಪಾದ್ರಿ ಸುಮ್ಮನಿದ್ದು, ಊರ ದೈವಭಕ್ತ ಗಂಡಸರು ಒಬ್ಬೊಬ್ಬರಾಗಿ ಎದ್ದು, ಆರಿಸಲ್ಪಟ್ಟವನನ್ನು ಗುರುತಿಸುವುದು ಹೇಗೆಂದು ಹೇಳುವ ಪದ್ಧತಿ. ಹೆಂಗಸರು ಕೇಳಬೇಕು, ಅಷ್ಟೆ. ಒಬ್ಬ ಹೇಳಿದ, ಅಂಥವನು ಗುಟ್ಟಾಗಿ ತನ್ನ ಪಾಪಕ್ಕೆ ಅಳುತ್ತಾನೆ. ಇನ್ನೊಬ್ಬ ಹೇಳಿದ, ಅಂಥವನ ಮುಖದಿಂದ ಲೋಕದ ನಗು ಮಾಯವಾಗಿರುತ್ತದೆ. ಪಕ್ಕದಲ್ಲಿ ಅತ್ತೆಯ ಭುಜ ಕಲ್ಲಾದದ್ದು ಮಾರ್ಸಲಿಯ ಭುಜಕ್ಕೆ ತಿಳಿಯಿತು.

ಊಟಕ್ಕೆ ಅಡುಗೆಮನೆ ತುಂಬ ಜನ. ಆಲೂಗಡ್ಡೆ, ಉಪ್ಪುಮೀನು ಕೈಯಿಂದ ಕೈಗೆ ಹೋಗುತ್ತಿತ್ತು. ಬೆಲ್ಲಾಗ್ ಕೆಣಕಿದರೂ ಗೊರ್ಮೆಲಿಯಾ ಸೌಟು ಎತ್ತಲಿಲ್ಲ.

ಶನಿವಾರ ಪೂಜೆಯ ಕೊನೆಯಲ್ಲಿ ಸಭೆಯ ಹಿರಿಯರು ಬಿಲ್ಲೆ ಹಂಚುತ್ತಾರೆ. ಹೆಬ್ಬೆಟ್ಟಿನಗಲದ ಸೀಸದ ಬಿಲ್ಲೆ. ಅದಿದ್ದವರಿಗೇ ಮರುದಿನ ಮೇಜಿನಲ್ಲಿ ಜಾಗ. ಹೆಸರು ಹಿಡಿದು ಕರೆಯುವುದಿಲ್ಲ, ತಾವೇ ಎದ್ದು ಹೋಗಿ ಪಡೆಯಬೇಕು. ಪ್ರತಿಸಲವೂ ಎಲ್ಲರಿಗಿಂತ ಮುಂಚೆ ಏಳುತ್ತಿದ್ದ ಗೊರ್ಮೆಲಿಯಾ ಆ ದಿನ ಏಳಲಿಲ್ಲ. ಹಿಂದಿನ ಬೆಂಚುಗಳಲ್ಲಿ ಟೋಪಿಗಳು ಒಂದರ ಕಡೆಗೊಂದು ವಾಲಿದವು.

ಮನೆಗೆ ಬಂದದ್ದೇ ಬೆಲ್ಲಾಗ್ ಬಾಗಿಲು ಹಾಕಿದಳು. "ಏನಕ್ಕಾ ಇದು? ನೀನು ನಾಳೆ ಹೋಗ್ಲಿಲ್ಲ ಅಂದ್ರೆ ಊರು ಏನನ್ನತ್ತೆ ಗೊತ್ತಾ? ಹೆತ್ತವಳಿಗೇ ಗೊತ್ತಿದೆ, ಮಗ ನರಕಕ್ಕೆ ಹೋದ ಅಂತ. ಅದಕ್ಕೇ ಮುಖ ಮುಚ್ಕೊಂಡು ಕೂತ್ಲು ಅನ್ನತ್ತೆ. ಒಂದು ಸಲ ಹಾಗಂದ್ರೆ ಮುಗೀತು. ಫಿನ್ಲೇ ಹೆಸರು ಎತ್ತಿದಾಗೆಲ್ಲ ದನಿ ತಗ್ಗಿಸಿ ಮಾತಾಡ್ತಾರೆ. ಈ ಹುಡುಗಿ ಅದನ್ನ ಕೇಳ್ತಾ ಬದುಕಬೇಕು."

ಗೊರ್ಮೆಲಿಯಾ ಆಲೂಗಡ್ಡೆಯ ಬುಟ್ಟಿ ಮುಂದೆ ಎಳೆದುಕೊಂಡಳು. ಭಾನುವಾರ ದೇವರ ದಿನ, ಚೂರಿ ಮುಟ್ಟುವಂತಿಲ್ಲ. ನಾಳೆಯದನ್ನೆಲ್ಲ ಇವತ್ತೇ ಸುಲಿದಿಡಬೇಕು. ಸಿಪ್ಪೆ ತೆಗೆಯುತ್ತಿದ್ದಾಳೋ ಗೆಡ್ಡೆಯನ್ನೇ ತೆಗೆಯುತ್ತಿದ್ದಾಳೋ ಅವಳಿಗೇ ತಿಳಿದಂತಿರಲಿಲ್ಲ.

ಆಗಲೇ ಇವಾಂಡರ್ ಬಂದ. ಸಭೆಯ ಹಿರಿಯ, ನೆರೆಯವನು, ಬೇಲಿಯ ಕಂಬದಷ್ಟು ನೆಟ್ಟಗೆ, ಬೇಲಿಯ ಕಂಬದಷ್ಟೇ ಮಾತಿನವನು. ಟೋಪಿ ತೆಗೆದು ಬಾಗಿಲೊಳಗೆ ನಿಂತ.

"ನೀನು ಎದ್ದು ಬರ್ಲಿಲ್ಲ ಗೊರ್ಮೆಲಿಯಾ."

"ಕಾಲು ನೋವು."

"ಬೆಳಿಗ್ಗೆ ಆ ಕಾಲು ಬಾವಿಗೆ ಹೋಗಿಬಂದು ಮಾಡ್ತಾನೇ ಇತ್ತು. ನಾನೇ ನೋಡ್ದೆ." ಜೇಬಿನಿಂದ ಬಿಲ್ಲೆ ತೆಗೆದು ಉಪ್ಪುಮೀನಿನ ತಟ್ಟೆಯ ಪಕ್ಕದಲ್ಲಿಟ್ಟ.

ಗೊರ್ಮೆಲಿಯಾ ಅದನ್ನು ಮುಟ್ಟಲಿಲ್ಲ. "ತಗೊಂಡು ಹೋಗಪ್ಪಾ ಇವಾಂಡರ್. ಕ್ರಿಸ್ತ ನನ್ನ ಮಗನಿಗಾಗಿ ಸಾಯ್ಲಿಲ್ಲ. ನನಗೆ ಮಾತ್ರ ಸತ್ತ, ಬಾ, ಕೂತು ರೊಟ್ಟಿ ನುಂಗು ಅಂದ್ರೆ ನಾನು ಹೇಗೆ ನುಂಗ್ಲಿ? ಗಂಟಲಲ್ಲಿ ಇಳಿಯತ್ತಾ ಅದು?"

ಇವಾಂಡರ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಎಲ್ಲರಿಗಾಗಿ ಎಂದು ಕೂಗುವ ಬೆಲ್ಲಾಗ್ ಬಗ್ಗಿ ನೆಲದ ಮೇಲಿನ ಸಿಪ್ಪೆ ಆಯತೊಡಗಿದಳು.

"ಅತ್ತೆ," ಎಂದಳು ಮಾರ್ಸಲಿ. "ಹಾಗಂತ ನಿಮಗೆ ಯಾರು ಹೇಳಿದ್ರು?"

"ಏನನ್ನ?"

"ಫಿನ್ಲೇಗಾಗಿ ಸಾಯ್ಲಿಲ್ಲ ಅಂತ."

"ಯಾರು ಯಾಕೆ ಹೇಳ್ಬೇಕು? ನಿನ್ನೆ ಹೇಳಿದ್ರಲ್ಲ ಗುರುತುಗಳನ್ನ, ಅದರಲ್ಲಿ ಒಂದಾದ್ರೂ ಇತ್ತಾ ಅವನಲ್ಲಿ? ಹೊತ್ತಾರೆ ಎದ್ರೆ ಹಲ್ಲು ಕಿಸಿಯೋನು."

"ಆರಿಸಿದವರ ಹೆಸರು ದೇವರಿಗೆ ಬಿಟ್ರೆ ನರಪಿಳ್ಳೆಗೂ ಗೊತ್ತಿಲ್ಲ ಅಂತ ನನಗೆ ಹೇಳಿಕೊಟ್ಟೋರು ನೀವೇ. ಯಾರಿದ್ದಾರೆ ಅಂತ ಗೊತ್ತಿಲ್ಲದ ಮೇಲೆ, ಯಾರಿಲ್ಲ ಅಂತ ಹೇಗೆ ಗೊತ್ತಾಯ್ತು? ಬೆಲ್ಲಾಗ್ ಚಿಕ್ಕಮ್ಮ ಊರಿಗೆ ಊರನ್ನೇ ಒಳಗೆ ಹಾಕಿದ್ರೆ ತಪ್ಪು ಅಂತೀರಿ. ನೀವು ಒಬ್ಬನನ್ನ ಹೊರಗೆ ಹಾಕಿ ಕದ ಮುಚ್ಚಿದ್ರೆ ಅದು ಸರಿಯಾ? ಎರಡೂ ದೇವರ ಕುರ್ಚಿ ಮೇಲೆ ಕೂತು ಮಾಡೋ ಕೆಲಸವೇ."

ಗಂಡ ಸತ್ತ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

"ನೋಡಪ್ಪಾ," ಎಂದಳು ಗೊರ್ಮೆಲಿಯಾ ಇವಾಂಡರನಿಗೆ, ಚೂರಿಯಿಂದ ಸೊಸೆಯನ್ನು ತೋರಿಸುತ್ತ. "ಓದಿದ ಸೊಸೆಯನ್ನ ತಂದ್ರೆ ಇದೇ ಹಣೆಬರಹ."

"ಅವಳು ಹೇಳಿದ್ರಲ್ಲಿ ತಪ್ಪಿಲ್ಲ," ಎಂದ ಇವಾಂಡರ್. ಟೋಪಿ ಹಾಕಿಕೊಂಡ. "ಬಿಲ್ಲೆ ಅಲ್ಲೇ ಇರ್ಲಿ."

"ಮೀನಿನ ಜೊತೆ ಬೇಯಿಸಿಬಿಟ್ರೆ ನಮ್ಮನ್ನ ಕೇಳ್ಬೇಡಿ," ಎಂದಳು ಬೆಲ್ಲಾಗ್.

ಭಾನುವಾರ ಬೆಳಿಗ್ಗೆ ಬಿಲ್ಲೆ ಮೇಜಿನ ಮೇಲಿರಲಿಲ್ಲ. ಯಾರೂ ಕೇಳಲಿಲ್ಲ. ಗೊರ್ಮೆಲಿಯಾ ಕಪ್ಪು ಕೈಗವಸು ತೊಟ್ಟು ಎಲ್ಲರಿಗಿಂತ ಮುಂದೆ ನಡೆದಳು. ಗಾಳಿ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಅಂಥ ಬಿಸಿಲು ಬಿದ್ದರೆ ಅದನ್ನೂ ಪಾಪವೇನೋ ಎಂದು ಅನುಮಾನಿಸುವ ಊರು ಅದು. ಆದರೂ ಎಲ್ಲರ ಮುಖವೂ ಅರಳಿತ್ತು.

ಚರ್ಚಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಉದ್ದನೆಯ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಎರಡು ಕಡೆಯೂ ಖಾಲಿ ಬೆಂಚು. ಪಾದ್ರಿ ಮೊದಲು ಯಾರ್ಯಾರು ಬರಕೂಡದೆಂದು ಹೇಳಿದರು. ಅದು ಬಹಳ ಹೊತ್ತು ಹಿಡಿಯಿತು. ಆಮೇಲೆ ಯಾರು ಬರಬಹುದೆಂದು ಹೇಳಿದರು. ಅದು ಬೇಗ ಮುಗಿಯಿತು. ಹಾಡು ಎತ್ತಿಕೊಡುವವನು ಎದ್ದು ಕೀರ್ತನೆಯ ಮೊದಲ ಸಾಲು ಹಿಡಿದ. ಆ ಕೀರ್ತನೆ ಮುಗಿಯುವುದರೊಳಗೆ ಬಿಲ್ಲೆ ಇದ್ದವರು ಬಂದು ಕುಳಿತಿರಬೇಕು.

ಯಾರೂ ಏಳಲಿಲ್ಲ. ಇದು ಪ್ರತಿವರ್ಷದ ಕಥೆ. ನನಗಿಂತ ಯೋಗ್ಯರು ಮೊದಲು ಹೋಗಲಿ ಎಂದು ಇವರು, ಇವರು ಹೋಗಲಿ ಎಂದು ಅವರು. ಮೊದಲು ಎದ್ದವನಿಗೆ ತಾನು ಆರಿಸಲ್ಪಟ್ಟವನೆಂಬ ಅಹಂಕಾರ ಎಂದಾರೆಂಬ ಭಯ. ಇಷ್ಟು ವರ್ಷ ಈ ಗಂಟನ್ನು ಬಿಚ್ಚುತ್ತಿದ್ದವಳು ಗೊರ್ಮೆಲಿಯಾ. ಅವಳು ಎದ್ದರೆ ಉಳಿದವರಿಗೆ ಧೈರ್ಯ. ಇವತ್ತು ಎಲ್ಲರ ಕಣ್ಣೂ ಅವಳ ಬೆನ್ನ ಮೇಲೆ.

ಎರಡನೆಯ ಚರಣ ಹೋಯಿತು. ಮೂರನೆಯದು ಹೋಯಿತು. ಹಾಡುವವನು ಸಾಲುಗಳನ್ನು ಎಳೆಯತೊಡಗಿದ. ಸಭೆ ಅದನ್ನು ಅಲೆಯಂತೆ ಎತ್ತಿ, ಹಿಗ್ಗಿಸಿ, ಬೀಳಲು ಬಿಡದೆ ಹಿಡಿದುಕೊಂಡಿತು. ಮೇಜು ಖಾಲಿ. ಪಾದ್ರಿ ಚಾವಣಿ ನೋಡಿದರು.

"ಇನ್ನು ಮೂರೇ ಚರಣ," ಎಂದು ಬೆಲ್ಲಾಗ್ ಪಿಸುಗುಟ್ಟಿದಳು. "ಇವರೆಲ್ಲ ಹೀಗೇ ಕೂತ್ರೆ ಅವನು ಯಾರಿಗಾಗಿಯೂ ಸಾಯ್ಲಿಲ್ಲ ಅಂತಾಗತ್ತೆ."

ಮಾರ್ಸಲಿ ಅತ್ತೆಯ ಕಡೆ ನೋಡಿದಳು. ಗವಸಿನೊಳಗೆ ಬಿಲ್ಲೆಯ ದುಂಡು ಎದ್ದು ಕಾಣುತ್ತಿತ್ತು. ಅದನ್ನು ಇನ್ನೊಂದು ಕೈಯ ಹೆಬ್ಬೆರಳು ಒತ್ತಿ ಹಿಡಿದಿತ್ತು. ಗೊರ್ಮೆಲಿಯಾ ತುಟಿ ಅಲ್ಲಾಡಿಸದೆ ಹೇಳಿದಳು: "ಹೋಗ್ಬೇಕು ಅಂತಾನೇ ಬಂದೆ ಮಗಾ. ಈಗ ನಿಜವಾಗ್ಲೂ ಕಾಲು ಬರ್ತಿಲ್ಲ."

ಮಾರ್ಸಲಿ ಎದ್ದು ತೋಳು ಕೊಟ್ಟಳು.

ಅವಳ ಲೆಕ್ಕ ಸರಳವಾಗಿತ್ತು: ಅತ್ತೆಯನ್ನು ಬೆಂಚಿನವರೆಗೆ ಬಿಟ್ಟು ತಿರುಗಿ ಬರುವುದು. ಆದರೆ ಗೊರ್ಮೆಲಿಯಾ ಎದ್ದದ್ದೇ ತಡ, ಕಟ್ಟೆ ಒಡೆದಂತೆ ಚರ್ಚಿನ ನಾಲ್ಕು ಮೂಲೆಯಿಂದ ಕಪ್ಪು ಉಡುಪುಗಳು ಎದ್ದವು. ಇಕ್ಕಟ್ಟಿನ ಹಾದಿಯಲ್ಲಿ ಹಿಂದೆ ದಪ್ಪನೆಯ ಇಬ್ಬರು ಅಕ್ಕತಂಗಿಯರು, ಅವರ ಹಿಂದೆ ಕೋಲೂರಿದ ಮುದುಕರು. ತಿರುಗಲು ಜಾಗವಿಲ್ಲ. ತಲೆ ತಗ್ಗಿಸಿ ನಡೆಯುತ್ತಿದ್ದ ಅವರು ಯಾರನ್ನೂ ನೋಡದೆ ಅವಳನ್ನು ದೂಡಿಕೊಂಡೇ ಬಂದರು. ಮಾರ್ಸಲಿ ಮೇಜಿನ ನಟ್ಟನಡುವೆ, ಅತ್ತೆಯ ಪಕ್ಕ, ಬೆಂಚಿನಲ್ಲಿ ಬಂದು ಕೂತಳು. ಕೂತಳು ಎನ್ನುವುದಕ್ಕಿಂತ ಬೆಣೆಯ ಹಾಗೆ ಸಿಕ್ಕಿಕೊಂಡಳು. ಕೀರ್ತನೆ ಮುಗಿಯಿತು.

ಇವಾಂಡರ್ ಬಿಲ್ಲೆಗಳನ್ನು ವಾಪಸು ಪಡೆಯುತ್ತ ಬಂದ. ಗೊರ್ಮೆಲಿಯಾ ಕೊಟ್ಟಳು. ಅವನ ಅಗಲವಾದ ಅಂಗೈ ಮಾರ್ಸಲಿಯ ಮುಂದೆ ಬಂದು ನಿಂತಿತು.

"ನನ್ನ ಹತ್ರ ಇಲ್ಲ," ಎಂದಳು ಅವಳು.

"ಗೊತ್ತು."

"ಹೊರಗೆ ಹೋಗೋಕೆ ಆಗ್ತಿಲ್ಲ ಮಾವ."

ಇವಾಂಡರ್ ಬೆಂಚಿನ ಆ ಕಡೆ ನೋಡಿದ, ಈ ಕಡೆ ನೋಡಿದ. "ಎದ್ದೇಳಿ," ಎಂದ ಮೆಲ್ಲಗೆ, ಉಳಿದವರಿಗೆ. ವರ್ಷಗಟ್ಟಲೆ ಹಿಂಜರಿದು, ಪ್ರಾರ್ಥಿಸಿ, ನಡುಗುತ್ತ ಬಂದು ಈಗಷ್ಟೇ ಕೂತಿದ್ದ ಆ ಪುಣ್ಯವಂತರು ಒಬ್ಬೊಬ್ಬರಾಗಿ ಎದ್ದು, ಮೊಣಕಾಲು ಬಡಿದುಕೊಂಡು, ಒಬ್ಬರ ಕಾಲು ಒಬ್ಬರು ತುಳಿದು, ಅವಳಿಗೆ ದಾರಿ ಬಿಟ್ಟರು. ಒಬ್ಬ ಮುದುಕನ ಕೋಲು ಜಾರಿ ಸದ್ದು ಮಾಡುತ್ತ ಉರುಳಿಕೊಂಡು ಪಾದ್ರಿಯ ಕಾಲ ಬಳಿ ಹೋಗಿ ನಿಂತಿತು.

ಆಗ ಗೊರ್ಮೆಲಿಯಾಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಮಾರ್ಸಲಿ ಗಾಬರಿಯಿಂದ ತಿರುಗಿದಳು. ಅಳುವಲ್ಲ. ಮೂಗಿನಲ್ಲಿ ಮೊದಲಾಗಿ, ಎದೆಗಿಳಿದು, ತಡೆದಷ್ಟೂ ಉಕ್ಕುವ ನಗು. ಅಚ್ಚು ಫಿನ್ಲೇಯ ನಗು. ಅದು ಅವನಿಗೆ ಎಲ್ಲಿಂದ ಬಂದಿತ್ತೆಂದು ಊರಿಗೆ ಆ ದಿನ ಗೊತ್ತಾಯಿತು. ಬೆಂಚು ನಡುಗಿತು. ದಪ್ಪ ಅಕ್ಕತಂಗಿಯರಲ್ಲಿ ಒಬ್ಬಳು ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಪಾದ್ರಿ ಬಗ್ಗಿ ಕೋಲನ್ನು ಎತ್ತಿಕೊಂಡು, ಏಳುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು.

ರೊಟ್ಟಿಯ ತಟ್ಟೆ ಬಂದಾಗ ಗೊರ್ಮೆಲಿಯಾ ಕಣ್ಣೊರೆಸಿಕೊಂಡು ದೊಡ್ಡ ಚೂರನ್ನೇ ಮುರಿದುಕೊಂಡಳು. ಅದು ಇಳಿಯಿತು.

ತನ್ನ ಜಾಗಕ್ಕೆ ಮರಳಿದ ಮಾರ್ಸಲಿಯ ಕಿವಿ ಕೆಂಪಾಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಳ್ಳುವುದು ಎಷ್ಟೋ ದಿನದ ಮೇಲೆ ತಿಳಿಯುತ್ತಿತ್ತು. ಬೆಲ್ಲಾಗ್ ಅವಳ ಅಂಗೈಗೆ ಒಂದು ಪೆಪ್ಪರ್‌ಮಿಂಟ್ ಒತ್ತಿದಳು.

"ತಗೋ. ಈ ಸಲಕ್ಕೆ ನಿನ್ನ ಪಾಲು ಇಷ್ಟೇ."

ಸೋಮವಾರ ಕೃತಜ್ಞತೆಯ ಪೂಜೆ ಮುಗಿದು ನೆಂಟರು ಹೊರಡುವ ಗದ್ದಲ. ಮಗ್ಗದ ಕೊಟ್ಟಿಗೆಯಲ್ಲಿ ಮಲಗಿದ್ದ ಬೆಲ್ಲಾಗ್ ತನ್ನ ಗಂಟು ತರಲು ಹೋದವಳು, "ಅಕ್ಕಾ! ಬಾ ಇಲ್ಲಿ! ಹುಡುಗೀ ನೀನೂ ಬಾ!" ಎಂದು ಕೂಗಿದಳು. ನೇಯ್ದಿಟ್ಟ ಉಣ್ಣೆಬಟ್ಟೆಯ ಸುರುಳಿಗಳ ಹಿಂದೆ ಒಂದು ಮೆಲೋಡಿಯನ್ ಇತ್ತು. ಎದೆಗಿಟ್ಟು ಹಿಗ್ಗಿಸಿ ಕುಗ್ಗಿಸಿ ನುಡಿಸುವ ತಿದಿಪೆಟ್ಟಿಗೆ, ಅಂಚಿನಲ್ಲಿ ಹಿತ್ತಾಳೆಯ ಹೂಗಳು.

"ಇದನ್ನ ಫಿನ್ಲೇ ನುಡಿಸೋದು ಗೊತ್ತಿತ್ತು," ಎಂದಳು ಮಾರ್ಸಲಿ. "ಪೇಟೆಯಲ್ಲಿ ತಂದದ್ದು ಅಂದ್ಕೊಂಡಿದ್ದೆ."

"ನಂಗೂ ಗೊತ್ತಿತ್ತು," ಎಂದಳು ಗೊರ್ಮೆಲಿಯಾ. "ಕೊಟ್ಟಿಗೆ ಕದ ಹಾಕಿದ್ರೆ ಅಮ್ಮನಿಗೆ ಕೇಳಿಸಲ್ಲ ಅಂದ್ಕೊಂಡಿದ್ದ, ಪಾಪ."

"ಪೇಟೆದೂ ಅಲ್ಲ ಎಂಥದೂ ಅಲ್ಲ! ಇದು ಇವಾಂಡರನದು!" ಬೆಲ್ಲಾಗ್ ಹಿತ್ತಾಳೆ ಹೂವನ್ನು ಬೆರಳಿಂದ ಸವರಿದಳು. "ದೇವರ ಕೈಗೆ ಸಿಗೋ ಮುಂಚೆ ಅವನು ಯಾವ ಮದುವೆ ಬಿಟ್ಟಿದ್ದ? ಇದರ ಮುಂದೆ ಕುಣಿದು ನನ್ನ ಒಂದು ಜೊತೆ ಬೂಟ್ಸು ಹರಿದು ಹೋಗಿದೆ. ವಾದ್ಯ, ಕುಣಿತ ಎಲ್ಲ ಪಾಪ, ಇದನ್ನ ಸುಟ್ಟೆ ಅಂತ ಹೇಳಿದ್ದನಲ್ಲ ಮಾರಾಯ!"

ಗೊರ್ಮೆಲಿಯಾ ಬಾಗಿಲಿಂದಾಚೆ ಇವಾಂಡರನ ಮನೆಯ ಹೊಗೆ ನೋಡಿದಳು. "ಎರವಲು ತಂದದ್ದು ಸತ್ತವನ ಮನೇಲಿ ಉಳೀಬಾರ್ದು. ಕೊಟ್ಟು ಬಾ ಮಗಾ. ಶಾಲಿನೊಳಗೆ ಹಿಡ್ಕೊ. ಕೂಸು ಎತ್ಕೊಂಡ ಹಾಗೆ."

ಹಾದಿಯಲ್ಲಿ ಜನವೋ ಜನ. ಪೆಟ್ಟಿಗೆ ಸದ್ದು ಮಾಡದಂತೆ ಮಾರ್ಸಲಿ ಒಂದೊಂದು ಹೆಜ್ಜೆಯನ್ನೂ ಮೆಲ್ಲಗೆ ಇಟ್ಟಳು. "ಫಿನ್ಲೇ ಹಾಗೇ ನಕ್ರಲ್ಲ ನಿಮ್ಮತ್ತೆ!" ಎಂದು ದಪ್ಪ ಅಕ್ಕತಂಗಿಯರು ಗಾಡಿಯ ಮೇಲಿಂದ ಗಟ್ಟಿಯಾಗಿ ಕೂಗಿದರು. ಅವನ ಹೆಸರಿಗೆ ದನಿ ತಗ್ಗಿಸಲಿಲ್ಲ.

ಇವಾಂಡರ್ ತನ್ನ ಬಾಗಿಲಲ್ಲಿ ನಿಂತು ನೆಂಟರನ್ನು ಬೀಳ್ಕೊಟ್ಟು ಒಳಗೆ ತಿರುಗುತ್ತಿದ್ದ. ಅವಳು ಶಾಲಿನ ಅಂಚು ಸರಿಸಿ ತೋರಿಸಿದಳು. ಆ ನೆಟ್ಟಗಿನ ಮನುಷ್ಯ ಹಾದಿಯ ಆ ತುದಿ ಈ ತುದಿ ನೋಡಿದ.

"ಸುಡ್ಬೇಕು ಅಂತ ಬೆಂಕಿ ಹಾಕಿದ್ದೆ," ಎಂದ. "ಕೈ ಬರ್ಲಿಲ್ಲ. ಹಿತ್ತಿಲಲ್ಲಿ ಇದನ್ನ ತೊಡೆ ಮೇಲಿಟ್ಕೊಂಡು ಕೂತಿದ್ದೆ. ನಿನ್ನ ಗಂಡ ಬೇಲಿ ಹಾರಿ ಬಂದ. ನೋಡಿದ. 'ಮಾವ, ನನಗೆ ಎರವಲು ಕೊಡಿ, ನಿಮ್ಮ ಪಾಪ ನನ್ನ ಮನೇಲಿರ್ಲಿ' ಅಂದ. ನಗ್ತಾ ಹೊತ್ಕೊಂಡು ಹೋದ."

ಮಾರ್ಸಲಿಗೆ ಅವನ ದನಿ, ಅವನು ಬೇಲಿ ಹಾರುವ ರೀತಿ, ಎಲ್ಲ ಒಮ್ಮೆಗೇ ಬಂತು. ಅವಳು ನಕ್ಕಳು. ನಗುತ್ತ ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

"ಬರೋ ಭೋಜನಕ್ಕೆ ಬಿಲ್ಲೆ ಕೇಳೋಕೆ ಎದ್ದು ಬಾ," ಎಂದ ಇವಾಂಡರ್, ನೆಲ ನೋಡುತ್ತ. "ಇಡೀ ಬೆಂಚು ಎಬ್ಬಿಸೋದಕ್ಕಿಂತ ಅದು ಸುಲಭ."

"ನೋಡ್ತೀನಿ ಮಾವ," ಎಂದು ಅವಳು ಪೆಟ್ಟಿಗೆಯನ್ನು ಅವನ ಕೈಗಿಟ್ಟಳು. ಪಟ್ಟಿ ಜಾರಿತು. ತಿದಿ ತಾನಾಗಿ ಬಿಚ್ಚಿಕೊಂಡು, ಕೃತಜ್ಞತೆಯ ಸೋಮವಾರದ ಹಾದಿಯ ಮೇಲೆ ಒಂದು ಉದ್ದನೆಯ, ತುಂಬುಗಂಟಲಿನ ಸ್ವರ ಹೊರಟಿತು. ಗಾಡಿಗಳು ನಿಂತವು. ಇವಾಂಡರ್ ಗಾಬರಿಯಿಂದ ಅದರ ಬಾಯಿ ಮುಚ್ಚಿಸಲು ಎದೆಗೆ ಅವುಚಿಕೊಂಡ. ಅವುಚಿದ್ದಕ್ಕೆ ಅದು ಇನ್ನೊಂದು ಸ್ವರ ನುಡಿಯಿತು.